ಎಆರ್‌ಟಿ ತೆಗೆದುಕೊಳ್ಳುವವರ ಶುಗರ್ ಗುಳಿಗೆಗೆ ಮಿತಿ ಇದೆ

ಮಾನ್ಯ ಸಂಪಾದಕರೇ,

ಎಚ್‌ಐವಿ ಸೋಂಕಿತರಿಗೆ ದೇಶದಲ್ಲಿ ಉಚಿತ ಎಆರ್‌ಟಿ (ವೈರಾಣುವನ್ನು ಹತೋಟಿಯಲ್ಲಿಡುವ ಗುಳಿಗೆಗಳ) ಚಿಕಿತ್ಸೆ ಶುರುವಾದದ್ದು 2004ರಲ್ಲಿ. ಆಗ ಮೂವತ್ತರ ಆಸುಪಾಸಿನಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ವೈರಾಣು ಹತೋಟಿಯಲ್ಲಿದೆ, ದುಡಿಮೆ ನಡೆದಿದೆ. ಅಂಥವರಲ್ಲಿ ಹಲವರಿಗೆ ಈಗ ಸಕ್ಕರೆ ಕಾಯಿಲೆ ಗಂಟು ಬೀಳುತ್ತಿದೆ. ವಯಸ್ಸು, ಹೊಟ್ಟೆಯ ಬೊಜ್ಜು, ಮನೆತನದ ಶುಗರ್ ಎಲ್ಲರಿಗೂ ಇರುವ ಕಾರಣಗಳೇ. ಇವರಿಗೆ ಅದರ ಮೇಲೆ ಔಷಧದ ಪಾಲೂ ಸೇರುತ್ತದೆ. ಹಿಂದೆ ಕೊಡುತ್ತಿದ್ದ ಸ್ಟಾವುಡಿನ್, ಜಿಡೊವುಡಿನ್ ಗುಳಿಗೆಗಳು ಕೆನ್ನೆ, ಕೈಕಾಲಿನ ಕೊಬ್ಬು ಕರಗಿಸಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಮಾಡುತ್ತಿದ್ದವು. ಈಗಿನ ಟಿಎಲ್‌ಡಿ (ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ) ಅವಕ್ಕಿಂತ ಎಷ್ಟೋ ಮೇಲು. ಆದರೂ ಕೆಲವರಲ್ಲಿ ತೂಕ ಏರಿಸುತ್ತದೆ. ಅಪರೂಪಕ್ಕೆ, ಆರಂಭಿಸಿದ ಮೊದಲ ತಿಂಗಳುಗಳಲ್ಲೇ ಶುಗರ್ ಒಮ್ಮೆಲೇ ಏರಿದ್ದೂ ಉಂಟು. ವಿಪರೀತ ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ತೂಕ ಇಳಿಕೆ ಕಂಡರೆ ಮುಂದಿನ ಗುಳಿಗೆ ತಾರೀಕಿನವರೆಗೆ ಕಾಯಬಾರದು.

ನಾವು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಮೆಟ್‌ಫಾರ್ಮಿನ್ ಸಲುವಾಗಿ. ಶುಗರ್‌ಗೆ ಮೊದಲು ಬರೆದುಕೊಡುವ ಗುಳಿಗೆ ಅದೇ. ಮೂತ್ರಪಿಂಡ ಅದನ್ನು ಹೊರಹಾಕುವ ದಾರಿಯನ್ನು ಡೊಲುಟೆಗ್ರಾವಿರ್ ಅಡ್ಡಗಟ್ಟುತ್ತದೆ. ಹೀಗಾಗಿ ಅದೇ ಡೋಸಿಗೆ ರಕ್ತದಲ್ಲಿ ಮೆಟ್‌ಫಾರ್ಮಿನ್ ಶೇ 80ರಷ್ಟು ಹೆಚ್ಚಾಗಿ ನಿಲ್ಲುತ್ತದೆ. ಆದ್ದರಿಂದ ಟಿಎಲ್‌ಡಿ ನುಂಗುವವರಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ಮೀರಬಾರದು, ಅಂದರೆ 500ರದ್ದು ಊಟದ ಜೊತೆ ದಿನಕ್ಕೆ ಎರಡು ಸಲ, ಅಷ್ಟೇ. ಮೀರುವುದು ಸಾಮಾನ್ಯವಾಗಿ ಗೊತ್ತಿಲ್ಲದೆ. ಶುಗರ್‌ನ ಇನ್ನೊಂದು ಔಷಧ ಗ್ಲಿಮೆಪಿರೈಡ್ ಜೊತೆ ಸೇರಿಸಿದ ಗುಳಿಗೆಯ ಸ್ಟ್ರಿಪ್ ತಿರುವಿ ಸಣ್ಣ ಅಕ್ಷರ ಓದಿ: ಎಷ್ಟೋ ಬ್ರಾಂಡ್‌ಗಳಲ್ಲಿ ಒಂದೊಂದರಲ್ಲೇ 1000 ಮೆಟ್‌ಫಾರ್ಮಿನ್ ಇರುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರೆ ಮಿತಿಯ ದುಪ್ಪಟ್ಟು. ವಾಂತಿ, ಭೇದಿ ಶುರುವಾದಾಗ ರೋಗಿ ಎಆರ್‌ಟಿಯನ್ನೇ ದೂರಿ ಬಿಟ್ಟುಬಿಡುತ್ತಾನೆ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದ ರಕ್ತದ ಕ್ರಿಯಾಟಿನಿನ್ ನೋಡುತ್ತಲೇ ಇರಬೇಕು. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಮೂತ್ರಪಿಂಡ ಸೋಸುವ ಪ್ರಮಾಣ) 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಕೊಡುವಂತೆಯೇ ಇಲ್ಲ.

ಪರೀಕ್ಷೆಯಲ್ಲೂ ಎಡವಟ್ಟು ಆಗುತ್ತದೆ. ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಎಚ್‌ಐವಿ ಇರುವವರಲ್ಲಿ, ಅದರಲ್ಲೂ ಜಿಡೊವುಡಿನ್ ತೆಗೆದುಕೊಳ್ಳುವವರಲ್ಲಿ, ನಿಜಕ್ಕಿಂತ ಕಡಿಮೆ ತೋರಿಸಬಹುದು. ಅದೊಂದನ್ನೇ ನಂಬಬಾರದು, ಖಾಲಿ ಹೊಟ್ಟೆಯ ಶುಗರ್ ಬೇಕು: 126 ಅಥವಾ ಹೆಚ್ಚು ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಬೆಳಿಗ್ಗೆ ಬಸ್ ಹತ್ತಿ ವಿಜಯಪುರಕ್ಕೆ ಬರುವವರು ಚಹಾ, ನಾಷ್ಟಾ ಮುಗಿಸಿಯೇ ಬರುತ್ತಾರೆ. ಎಂಟು ತಾಸು ಉಪವಾಸ ಇದ್ದು ಬನ್ನಿ ಎಂದರೆ ಅದು ಆಗದ ಮಾತು. ಗುಳಿಗೆ ಒಯ್ಯಲು ಬರುವ ಹಿಂದಿನ ದಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಖಾಲಿ ಹೊಟ್ಟೆಯ ಶುಗರ್ ನೋಡಿಸಿ, ಚೀಟಿ ತಂದರೆ ಸಾಕು. ಟಿಎಲ್‌ಡಿ ಶುರು ಮಾಡುವ ಮುನ್ನ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು.

ಎರಡನೇ ಹಂತದ ಎಆರ್‌ಟಿಯಲ್ಲಿ ರಿಟೊನಾವಿರ್ ಎಂಬ ಔಷಧ ಇರುವವರು ಇನ್ನೊಂದು ಎಚ್ಚರ ವಹಿಸಬೇಕು. ಮೊಣಕಾಲು ನೋವಿಗೆ ಚುಚ್ಚುವ ಟ್ರಯಾಮ್ಸಿನೊಲೋನ್, ದಮ್ಮಿಗೆ ಎಳೆದುಕೊಳ್ಳುವ ಫ್ಲುಟಿಕಾಸೋನ್ ಎಂಬ ಸ್ಟಿರಾಯ್ಡ್‌ಗಳು ಇವರ ದೇಹದಲ್ಲಿ ಕರಗದೆ ಉಳಿದು ಮುಖ ಊದಿಸುತ್ತವೆ, ಶುಗರ್ ಏರಿಸುತ್ತವೆ. ಇಂಜೆಕ್ಷನ್‌ಗೆ ಮುನ್ನ ಎಆರ್‌ಟಿ ವೈದ್ಯರನ್ನು ಕೇಳಲೇಬೇಕು.

ಇದೆಲ್ಲದರ ಬೇರು ಒಂದೇ: ಶುಗರ್ ವೈದ್ಯರ ಮುಂದೆ ಎಆರ್‌ಟಿ ವಿಷಯ ಯಾರೂ ಬಾಯಿಬಿಡುವುದಿಲ್ಲ. ಅದು ಅವರ ತಪ್ಪಲ್ಲ, ಹೆದರಿಕೆಗೆ ಕಾರಣಗಳಿವೆ. ರೋಗಿಯ ವಿಷಯ ಗುಟ್ಟಾಗಿಡುವುದು 2017ರ ಎಚ್‌ಐವಿ-ಏಡ್ಸ್ ಕಾಯ್ದೆಯಡಿ ಕಡ್ಡಾಯ ಎಂಬುದನ್ನು ಆಸ್ಪತ್ರೆಗಳು ಗೋಡೆಗೆ ಬರೆದು ಹಾಕಲಿ. ಅಲ್ಲಿಯವರೆಗೆ ಎಆರ್‌ಟಿ ಕೇಂದ್ರದ ವೈದ್ಯರು ಕಾಯಿಲೆಯ ಹೆಸರಿಲ್ಲದ ಚೀಟಿಯೊಂದನ್ನು ಬರೆದುಕೊಡಬಹುದು: ‘ಈ ರೋಗಿಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿ.ಗ್ರಾಂ ಮೀರಬಾರದು, ಸ್ಟಿರಾಯ್ಡ್ ಕೊಡುವ ಮುನ್ನ ನಮ್ಮನ್ನು ಸಂಪರ್ಕಿಸಿ’. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಇದೇ ತಿಂಗಳಿಂದ ಇಂಥ ಚೀಟಿ ಕೊಡಿಸುವ ವ್ಯವಸ್ಥೆ ಮಾಡಬೇಕೆಂದು ವಿನಂತಿ.

– ಆಪ್ತಸಮಾಲೋಚಕರು ಮತ್ತು ಫಾರ್ಮಾಸಿಸ್ಟರು, ವಿಜಯಪುರ