ಆರೋಗ್ಯ ಸಿಬ್ಬಂದಿಗೆ ಬೇಕು ಸಮರ್ಪಕ ಕಂಪ್ಯೂಟರ್ ತರಬೇತಿ

ಮಾನ್ಯರೆ,

ಗ್ರಾಮೀಣ ಆರೋಗ್ಯ ಸೇವೆಯಲ್ಲಿ ಈಗ ಕಂಪ್ಯೂಟರ್, ಮೊಬೈಲ್ ಇಲ್ಲದೆ ನಡೆಯುವ ಕೆಲಸವೇ ಕಡಿಮೆ. ಗರ್ಭಿಣಿಯರ ವಿವರ ಸರ್ಕಾರದ ತಾಯಿ-ಮಗು ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ಗೆ, ಕ್ಷಯರೋಗಿಗಳದ್ದು ನಿಕ್ಷಯ್‌ಗೆ, ಮಕ್ಕಳ ಲಸಿಕೆಯ ಮಾಹಿತಿ ಯು-ವಿನ್‌ಗೆ ಸೇರಬೇಕು. ಉಪಕೇಂದ್ರಕ್ಕೆ ಬಂದ ರೋಗಿಯನ್ನು ಇ-ಸಂಜೀವಿನಿಯ ಮೂಲಕ ದೂರದ ವೈದ್ಯರೊಡನೆ ಮಾತನಾಡಿಸುವ ಹೊಣೆಯೂ ಅಲ್ಲಿನ ಸಿಬ್ಬಂದಿಯದೇ. ಇದೆಲ್ಲ ಆಗಬೇಕಾದದ್ದೇ. ಆದರೆ ಇದನ್ನು ಕಲಿಸುವುದರಲ್ಲಿ ತೋರುತ್ತಿರುವ ಉದಾಸೀನ ರೋಗಿಗಳಿಗೆ ಮುಳುವಾಗುತ್ತಿದೆ.

ಹೆರಿಗೆಯ ದಿನವನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಅಂದಾಜು ಮಾಡುತ್ತಾರೆ. ತಾಯಿ ಕಾರ್ಡ್‌ನಲ್ಲಿ 5-8 ಎಂದು ಬರೆದ ಆಗಸ್ಟ್ 5ನ್ನು ನಮೂದಿಸುವಾಗ ದಿನ, ತಿಂಗಳು ಅದಲುಬದಲಾದರೆ ಅದು ಮೇ 8 ಆಗುತ್ತದೆ. ಮೇ 12ರ ಸುಮಾರಿಗೆ ಹೆರಿಗೆಯಾಗಬೇಕಾದ ತಾಯಿಗೆ ಫೆಬ್ರುವರಿಯಲ್ಲೇ ದಿನ ತುಂಬಿತೆಂದು ಪರದೆ ತೋರಿಸುತ್ತದೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಯಾರಿಗೆ ಯಾವಾಗ ಎಂಬ ಲೆಕ್ಕವೂ ಅದೇ ದಿನಾಂಕವನ್ನು ಆಧರಿಸುವುದರಿಂದ ತಪ್ಪು ಕೊನೆಯವರೆಗೂ ಬೆನ್ನುಬಿಡುವುದಿಲ್ಲ. ಅನುಭವಿ ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿದರೆ ಸಾಕು, ಗರ್ಭಕೋಶದ ಎತ್ತರಕ್ಕೂ ಪರದೆಯಲ್ಲಿರುವ ವಾರಗಳಿಗೂ ತಾಳೆಯಾಗುತ್ತಿಲ್ಲವೆಂದು ಗುರುತಿಸಬಲ್ಲರು. ಆದರೆ ಅದನ್ನು ಎಲ್ಲಿ, ಹೇಗೆ ತಿದ್ದಬೇಕೆಂದು ಯಾರೂ ಅವರಿಗೆ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ವೇಗವಾಗಿ ಟೈಪ್ ಮಾಡಬಲ್ಲ ಡೇಟಾ ಎಂಟ್ರಿ ಆಪರೇಟರ್‌ಗೆ ಆ ತಾಯಿಯ ಮುಖವೂ ಗೊತ್ತಿರುವುದಿಲ್ಲ. ಈ ಎರಡೂ ತಿಳಿವಳಿಕೆ ಒಬ್ಬರಲ್ಲೇ ಇರಬೇಕು ಎಂಬುದು ನನ್ನ ಆಗ್ರಹ.

ಹಣದ ವಿಷಯವೂ ಇದರಲ್ಲಿದೆ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು ಕೊಡುವ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿಗೆ ಏರಿದೆ. ಬ್ಯಾಂಕ್ ವಿವರ ತಪ್ಪಾಗಿ ನಮೂದಾದರೆ ಅದು ಕೈಸೇರುವುದಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಧರಣಿ ನಡೆಸಿದ ಆಶಾ ಕಾರ್ಯಕರ್ತೆಯರು, ಪ್ರೋತ್ಸಾಹಧನವನ್ನು ಪೋರ್ಟಲ್‌ಗೆ ಜೋಡಿಸಿದ್ದರಿಂದ ದುಡಿದದ್ದಕ್ಕೂ ಹಣ ಸಿಗುತ್ತಿಲ್ಲವೆಂದು ದೂರಿದ್ದು ನ್ಯಾಯವಾಗಿಯೇ ಇತ್ತು.

ಹೊಸ ಆ್ಯಪ್ ಬಂದಾಗಲೆಲ್ಲ ಅರ್ಧ ದಿನದ ಸಭೆ ಕರೆದು, ಗೋಡೆಯ ಮೇಲೆ ತೋರಿಸಿ, ಉಳಿದದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟುಬಿಡುವುದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಅದನ್ನು ತರಬೇತಿ ಎನ್ನಲಾಗದು. ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಮತ್ತು ನರ್ಸಿಂಗ್ ವಿದ್ಯಾರ್ಥಿನಿಯರಿಂದ ಓದುವಾಗಲೇ ನಿಜವಾದ ನಮೂನೆಗಳನ್ನು ತುಂಬಿಸಿ, ತಪ್ಪುಗಳನ್ನು ಹುಡುಕಿಸಿ, ತಿದ್ದಿಸಿ ಅಭ್ಯಾಸ ಮಾಡಿಸಬೇಕು. ರೋಗಿಯ ಗುಟ್ಟನ್ನು ಕಾಯುವುದು ಹೇಗೆ, ಪಾಸ್‌ವರ್ಡನ್ನು ಏಕೆ ಯಾರಿಗೂ ಕೊಡಬಾರದು ಎಂಬುದೂ ಅದರಲ್ಲಿ ಸೇರಿರಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ಕರ್ತವ್ಯದ ಅವಧಿಯಲ್ಲೇ ಇದಕ್ಕೆ ಸಮಯ ಕೊಡಬೇಕು, ಒಂದೇ ಮಾಹಿತಿಯನ್ನು ರಿಜಿಸ್ಟರ್‌ನಲ್ಲೂ ಪೋರ್ಟಲ್‌ನಲ್ಲೂ ತುಂಬುವ ಇಮ್ಮಡಿ ಕೆಲಸ ತಪ್ಪಿಸಬೇಕು. ಕರೆ ಮಾಡಿದ ದಿನವೇ ಕನ್ನಡದಲ್ಲಿ ವಿವರಿಸಿ ಸರಿಪಡಿಸಿಕೊಡುವ ಒಬ್ಬ ತಂತ್ರಜ್ಞರನ್ನು ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೂ ಆರೋಗ್ಯ ಇಲಾಖೆ ನೇಮಿಸಲಿ.

– ನಿವೃತ್ತ ಆರೋಗ್ಯ ಮೇಲ್ವಿಚಾರಕಿ, ಸಾಗರ