ಶಾಲೆಗೆ ವೈಫೈ ಪ್ರಿಂಟರ್: ಕೊಳ್ಳುವ ಮುನ್ನ

ಶಿಕ್ಷಕ ಮಿತ್ರರೇ,

ಪ್ರಶ್ನೆಪತ್ರಿಕೆ ಮುದ್ರಿಸಲು ಹೊಸ ವೈಫೈ ಪ್ರಿಂಟರ್ ಕೊಳ್ಳುವ ಮಾತು ನಡೆದಿದೆ. ನನ್ನ ಒಲವು ಕಪ್ಪು-ಬಿಳುಪು ಲೇಸರ್ ಕಡೆಗೆ. ಇಂಕ್ ಟ್ಯಾಂಕ್ ಯಂತ್ರದಲ್ಲಿ ಪುಟದ ಖರ್ಚು ಕಡಿಮೆ, ನಿಜ. ಆದರೆ ಏಪ್ರಿಲ್-ಮೇ ರಜೆಯುದ್ದಕ್ಕೂ ಬಳಸದೆ ಬಿಟ್ಟರೆ ಶಾಯಿ ಒಣಗಿ, ಅದು ಹೊರಬರುವ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳಬಹುದು. ಲೇಸರ್‌ನ ಟೋನರ್ ಮೊದಲೇ ಒಣ ಪುಡಿ, ಅದಕ್ಕೆ ಆ ಭಯವಿಲ್ಲ. ಎರಡೂ ಬದಿಗೆ ತಾನಾಗಿಯೇ ಮುದ್ರಿಸುವ ಮಾದರಿಯನ್ನೇ ಕೇಳೋಣ. ಯಂತ್ರದ ಬೆಲೆಯಷ್ಟೇ ನೋಡಿ ಬರಬಾರದು; ಟೋನರ್‌ಗೆ ಎಷ್ಟು, ಅದು ಎಷ್ಟು ಪುಟ ಬರುತ್ತದೆ ಎಂದು ವಿಚಾರಿಸಲೇಬೇಕು. ಹೊಸ ಪೆಟ್ಟಿಗೆಯೊಳಗಿನ ಟೋನರ್ ಹಲವು ಸಲ ಪೂರ್ತಿ ತುಂಬಿರುವುದಿಲ್ಲ.

ಜೋಡಿಸುವಾಗ ಹೆಚ್ಚಿನವರು ಎಡವುವುದು ವೈಫೈನಲ್ಲಿ. ಬಹಳಷ್ಟು ಅಗ್ಗದ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಸಂಕೇತವನ್ನು ಮಾತ್ರ ಹಿಡಿಯುತ್ತವೆ. ರೂಟರಿನ 5 ಗಿಗಾಹರ್ಟ್ಸ್ ಹೆಸರು ಅವುಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಜೋಡಣೆಯ ಹೊತ್ತಿಗೆ ಮೊಬೈಲನ್ನೂ 2.4ಕ್ಕೇ ಸೇರಿಸಿಕೊಳ್ಳಿ. ರೂಟರಿನಲ್ಲಿ ಅತಿಥಿಗಳಿಗೆಂದು ಇರುವ ಬೇರೆ ವೈಫೈಗೆ (ಗೆಸ್ಟ್) ಸೇರಿಸುವುದು ಬೇಡ.

ಮುಖ್ಯವಾದ ಇನ್ನೊಂದು ವಿಷಯ: ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪಿಸಿದ ಕಡತವನ್ನು ಮೊಬೈಲಿನಿಂದ ನೇರವಾಗಿ ಮುದ್ರಣಕ್ಕೆ ಕಳುಹಿಸಬೇಡಿ. ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಅಚ್ಚಾಗುತ್ತವೆ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ.

ನಲಿಕಲಿ ತರಗತಿಗಳಿಗೆ ಬಣ್ಣದ ಚಿತ್ರಗಳು ಬೇಕೆನ್ನುವವರು ಶನಿವಾರದೊಳಗೆ ಇಲ್ಲಿಯೇ ತಿಳಿಸಿ. ಹಾಗಿದ್ದರೆ ಲೇಸರ್ ಬಿಟ್ಟು ಇಂಕ್ ಟ್ಯಾಂಕನ್ನೇ ನೋಡಬೇಕಾಗುತ್ತದೆ.