ಮಂಜನಿಗೆ, ಆ ಕಪ್ಪೆಯ ಗುಂಡಿಗೆ ವಿಚಾರ

ಲೋ ಮಂಜ,

ಅಪ್ಪ ಮನೆಗೆ ಬಂದು ಹದಿನೈದು ದಿನ ಆಯ್ತು. ಗುಂಡಿಗೆಯ ಬಡಿತ ಕಾಯುವ ಪೇಸ್‌ಮೇಕರ್ ಇಟ್ಟ ಜಾಗ ಎಡ ಭುಜದ ಕೆಳಗೆ ಬೆಂಕಿಪೊಟ್ಟಣ ಇಟ್ಟ ಹಾಗೆ ಉಬ್ಬಿದೆ. ದಿನಕ್ಕೆ ಹತ್ತು ಸಲ ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ. ಎಡಗೈ ಜಾಸ್ತಿ ಮೇಲೆತ್ತಬೇಡಿ ಅಂದರೆ ಕೇಳುವುದಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು, ಮೇಲಿನ ಕೋಣೆಯ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, 'ಬಡಿತ ಶುರುವಾಗೋದು ಇಲ್ಲಿಂದ, ನಿಮ್ಮ ತಂದೆಯವರಿಗೆ ಇದೇ ಸೋತುಬಿಟ್ಟಿದೆ' ಅಂದಾಗ ನೀನು ಪಕ್ಕದಲ್ಲೇ ಇದ್ದೆ. ನಾನು ತಲೆ ಆಡಿಸಿದೆ. ಆದರೆ ನನ್ನ ಕಣ್ಣಮುಂದೆ ಬಂದದ್ದು 1994ರಲ್ಲಿ ಕಾಲೇಜಿನ ಲ್ಯಾಬಿನಲ್ಲಿ ಕೊಯ್ದ ನಮ್ಮ ಕಪ್ಪೆ. ಅಲ್ಲೇ ಹೇಳಿದ್ದರೆ ನೀನು ನಗುತ್ತಿದ್ದೆ, ಸುಮ್ನಿದ್ದೆ.

ಆ ಕಪ್ಪೆ ಹಿಡಿದು ತಂದವನು ನೀನೇ, ನೆನಪಿದೆಯಾ? ಮಳೆ ನಿಂತ ರಾತ್ರಿ ವಿಶ್ವೇಶ್ವರಯ್ಯ ನಾಲೆಯ ಬದಿ, ಟಾರ್ಚ್ ಬೆಳಕು ಬಿದ್ದ ಕೂಡಲೇ ಅಲ್ಲಾಡದೆ ಕೂತುಬಿಡುತ್ತಿದ್ದವು. ಒದ್ದೆ ಗೋಣಿಚೀಲದಲ್ಲಿ ಕಟ್ಟಿಕೊಂಡು ಮಂಡ್ಯದ ಬಸ್ ಹತ್ತಿದ್ದೆ. ಕಂಡಕ್ಟರ್ ಕೇಳಿದ್ದಕ್ಕೆ ಸೊಪ್ಪು ಅಂದೆಯಂತೆ, ಸೊಪ್ಪು ವಟಗುಟ್ಟುತ್ತದಾ ಮಹಾರಾಯ! ಕಪ್ಪೆ ಕಾಲನ್ನು ಹೊರದೇಶಕ್ಕೆ ಕಳಿಸಬಾರದು ಅಂತ ಸರ್ಕಾರ 1987ರಲ್ಲೇ ನಿಲ್ಲಿಸಿತ್ತು. ಗದ್ದೆಯ ಹುಳ ತಿನ್ನೋಕೆ ಕಪ್ಪೆ ಬೇಕಲ್ವಾ. ಆದರೂ ನಮ್ಮ ಲ್ಯಾಬಿಗೆ ಮಾತ್ರ ಅದೇ ಗದ್ದೆಯಿಂದ ಬರುತ್ತಲೇ ಇತ್ತು. ಆಗ ನಾವು ರಾನಾ ಟೈಗ್ರಿನಾ ಅಂತ ಬಾಯಿಪಾಠ ಮಾಡಿದ ಅದರ ವೈಜ್ಞಾನಿಕ ಹೆಸರೂ ಈಗ ಇಲ್ಲ, ಹಾಪ್ಲೋಬಟ್ರಾಕಸ್ ಟೈಗೆರಿನಸ್ ಅಂತ ಆಗಿದೆ. ನಾಲಿಗೆ ಹೊರಳಿದರೆ ಹೇಳು.

ಮೇಣದ ಟ್ರೇ, ಕಾಲಿಗೆ ನಾಲ್ಕು ಗುಂಡುಪಿನ್ನು, ಮೂಗಿಗೆ ಹೊಡೆಯುವ ಕ್ಲೋರೋಫಾರ್ಮ್. ಹೊಟ್ಟೆಯ ಚರ್ಮ ಮೈಗೆ ಅಂಟಿಕೊಂಡೇ ಇರಲಿಲ್ಲ, ಸಡಿಲ ಅಂಗಿಯ ಹಾಗೆ ಎದ್ದು ಬಂತು. ಮೇಷ್ಟ್ರು ಮೂರು ಸಲ ಹೇಳಿದ್ದರು, ಕತ್ತರಿಯ ತುದಿ ಮೇಲಕ್ಕೆ ಇರಲಿ, ನಡುವೆ ಒಂದು ದೊಡ್ಡ ರಕ್ತನಾಳ ಇದೆ ಅಂತ. ನೀನು ಹೋಗಿ ಸರಿಯಾಗಿ ಅದಕ್ಕೇ ಹಾಕಿದೆ. ಟ್ರೇ ತುಂಬ ಕೆಂಪು. ಒರೆಸಿ ನೋಡಿದರೆ ಒಳಗೆಲ್ಲ ಮೊಟ್ಟೆ, ಕಪ್ಪು ಬಿಳಿ ಕಾಳು ಸುರಿದ ಹಾಗೆ. ಪಕ್ಕೆಲುಬು ಹುಡುಕಿದರೆ ಇಲ್ಲವೇ ಇಲ್ಲ. ನಮ್ಮ ಹಾಗೆ ಎದೆ ಉಬ್ಬಿಸಿ ಉಸಿರು ಎಳೆಯೋಕೆ ಅದಕ್ಕೆ ಆಗಲ್ಲ, ಗಂಟಲಿನಿಂದಲೇ ಗಾಳಿಯನ್ನು ಒಳಗೆ ತಳ್ಳಬೇಕು. ನೀನು ಖಾಲಿ ಪೆನ್ನಿನ ಕೊಳವೆ ಬಾಯೊಳಗೆ ತೂರಿಸಿ ಊದಿದಾಗ ಶ್ವಾಸಕೋಶ ಎರಡೂ ಬಲೂನಿನ ಹಾಗೆ ಉಬ್ಬಿದ್ದು ನೋಡಿ ಹಿಂದಿನ ಬೆಂಚಿನವರೆಲ್ಲ ಓಡಿ ಬಂದರು.

ಆದರೆ ನನಗೆ ಉಳಿದದ್ದು ಗುಂಡಿಗೆ. ಮೇಷ್ಟ್ರು ಅದನ್ನು ಬಿಡಿಸಿ ಉಪ್ಪುನೀರಿನ ಬಟ್ಟಲಿಗೆ ಹಾಕಿದರು. ಅದು ಬಡಿಯುತ್ತಲೇ ಇತ್ತು. ಮೈ ಇಲ್ಲ, ಮಿದುಳಿನಿಂದ ಬರುವ ನರ ಇಲ್ಲ, ಆದರೂ ಹಾಜರಿ ಕರೆದು ಮುಗಿಯುವವರೆಗೂ ಬಡಿಯಿತು. 'ಯಾರು ಹೇಳ್ತಿದ್ದಾರೆ ಅದಕ್ಕೆ, ಬಡಿ ಅಂತ?' ಅಂತ ಕೇಳಿದರು, ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಮಗುಚಿ ಹಿಂಬದಿ ತೋರಿಸಿದರು. ಅಲ್ಲೊಂದು ತೆಳ್ಳನೆಯ ಚೀಲ, ಸೈನಸ್ ವಿನೋಸಸ್. ಮೊದಲು ಅದು ಮಿಡಿಯುತ್ತದೆ, ಆಮೇಲೆ ಮೇಲಿನ ಎರಡು ಕೋಣೆ, ಕೊನೆಗೆ ಕೆಳಗಿನ ಒಂದೇ ಕೋಣೆ. ಮೀನಿಗೆ ಎರಡು ಕೋಣೆ, ಕಪ್ಪೆಗೆ ಮೂರು, ಕೋಳಿಗೂ ನಮಗೂ ನಾಲ್ಕು. ನಮ್ಮಲ್ಲಿ ಆ ಚೀಲ ಬೇರೆಯಾಗಿ ಉಳಿದಿಲ್ಲ, ಬಲಗಡೆ ಮೇಲಿನ ಕೋಣೆಯ ಗೋಡೆಯಲ್ಲೇ ಸೇರಿಹೋಗಿದೆ, ಉಳಿದದ್ದು ಒಂದು ಚೂರು. ಅದೇ ಡಾಕ್ಟರು ಇಟ್ಟ ಚುಕ್ಕೆ. ಅಪ್ಪನಿಗೆ ಸೋತದ್ದು ಅದೇ ಕಣೋ.

ಇದನ್ನು ಯೋಚಿಸುತ್ತಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಇನ್ನೊಂದು ಲೆಕ್ಕವೂ ತಲೆಗೆ ಬಂತು. ನಲವತ್ತು ಹುಡುಗರು, ಇಬ್ಬರಿಗೊಂದರಂತೆ ಇಪ್ಪತ್ತು ಕಪ್ಪೆ. ನಾನು ಕಲಿತದ್ದೆಲ್ಲ ಬಟ್ಟಲಿನಲ್ಲಿದ್ದ ಆ ಒಂದರಿಂದ. ಉಳಿದ ಹತ್ತೊಂಬತ್ತು ಯಾಕೆ ಸತ್ತವು? ರೆಕಾರ್ಡ್ ಬುಕ್ಕಿನ ಚಿತ್ರಕ್ಕೆ ಅನ್ನೋಣ ಅಂದರೆ, ಅದನ್ನು ನೀನೂ ನಾನೂ ಸೀನಿಯರ್ ಪುಸ್ತಕ ನೋಡಿ ಇಳಿಸಿದವರು. ಮೊಟ್ಟೆ ತುಂಬಿದ್ದ ಕಪ್ಪೆ ಬೇರೆ. ಅವತ್ತು ಮಧ್ಯಾಹ್ನ ಮಾತ್ರ ಇಬ್ಬರೂ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು, ಏನೂ ಅನಿಸಲಿಲ್ಲ.

ನಿನ್ನ ಮಗಳು ಬಿ.ಎಸ್ಸಿಯಲ್ಲಿ ಕಂಪ್ಯೂಟರಿನ ಮೇಲೆ ಕಪ್ಪೆ ಕೊಯ್ಯುತ್ತಾಳೆ ಅಂತ ನೀನು ಹೋದ ವಾರ ಗೊಣಗಿದೆಯಲ್ಲ, ನಾನು ಒಪ್ಪಲ್ಲ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2011ರಲ್ಲಿ ಪ್ರಾಣಿ ಕೊಯ್ಯೋದನ್ನು ಹಂತ ಹಂತವಾಗಿ ಬಿಡಿ ಅಂತ ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿದ್ದು ಸರಿಯೇ. ಆದರೆ ಪರದೆಯ ಮೇಲಿನದಕ್ಕೆ ತೂಕ ಇಲ್ಲ, ಬೆರಳಿಗೆ ಏನೂ ಸಿಗಲ್ಲ, ಅದೂ ನಿಜ. ಅದಕ್ಕೇ ಈ ಭಾನುವಾರ ಅವಳನ್ನು ಕಳಿಸು. ಕೋಳಿ ಅಂಗಡಿಯಲ್ಲಿ ಲಿವರ್ ಜೊತೆ ಗುಂಡಿಗೆಯನ್ನೂ ಕೊಡುತ್ತಾರೆ, ನಾಲ್ಕೈದು ತಂದಿಟ್ಟಿರುತ್ತೇನೆ. ಅಡ್ಡ ಕೊಯ್ದರೆ ಎಡಗಡೆಯ ಗೋಡೆ ಎಷ್ಟು ದಪ್ಪ, ಬಲಗಡೆಯದು ಎಷ್ಟು ತೆಳು ಅಂತ ಅವಳೇ ನೋಡಲಿ. ರೆಕ್ಕೆಯನ್ನೂ ಬಿಡಿಸೋಣ. ಕೋಳಿಗೂ ನಮಗೂ ಮುಂಗೈಯಲ್ಲಿ ಎರಡು ಮೂಳೆ, ಕಪ್ಪೆಗೆ ಅವೆರಡೂ ಬೆಸೆದು ಒಂದಾಗಿವೆ. ಉಳಿದದ್ದನ್ನು ಇವಳು ಸಾರು ಮಾಡುತ್ತಾಳೆ, ಹೇಗೂ ಮಾಡುವುದೇ.

ನೀನೂ ಬಾ, ಅಪ್ಪ ಕೇಳುತ್ತಿದ್ದರು. ಕತ್ತರಿ ಮಾತ್ರ ಮುಟ್ಟಬೇಡ.

ನಿನ್ನ,
ಬೆಂಚ್‌ಮೇಟ್